ಹೆಲ್ಮಾಳ ಓದು

ಗಾಳಿ ಕೆಟ್ಟಿದೆಯೆಂದು ಟೆಹ್ರಾನಿನ ಶಾಲೆಗಳನ್ನು ಮುಚ್ಚಿ ಅಂದಿಗೆ ಮೂರನೆಯ ದಿನ. ಮುಚ್ಚಿದ್ದು ಕಟ್ಟಡಗಳನ್ನು ಮಾತ್ರ, ಪಾಠಕ್ಕೆ ರಜೆ ಇರಲಿಲ್ಲ. ಎರಡನೆಯ ತರಗತಿಯ ಟೀಚರ್ ಗೀತಿ ಬೆಳಿಗ್ಗೆ ಎಂಟಕ್ಕೆಲ್ಲ ಅಡುಗೆಮನೆಯ ಮೇಜಿನ ಮೇಲೆ ಸಕ್ಕರೆ ಡಬ್ಬಿಗೆ ಫೋನು ಒರಗಿಸಿಕೊಂಡು ಮೂವತ್ತೊಂದು ಹುಡುಗಿಯರಿಗೆ ಪಾಠ ಹೇಳಲು ಕೂತಿದ್ದಳು. ಇಪ್ಪತ್ತೆರಡು ವರ್ಷ ಕರಿಹಲಗೆಯ ಮುಂದೆ ನಿಂತು ಕಲಿಸಿದವಳು. ಮಕ್ಕಳ ಮುಖ ನೋಡಿದರೆ ಯಾರಿಗೆ ಅರ್ಥವಾಗಿದೆ, ಯಾರಿಗೆ ಹಸಿವಾಗಿದೆ ಎಂದು ಹೇಳಬಲ್ಲಳು. ಈಗ ಮುಖಗಳಿಲ್ಲ. ಇಂಟರ್ನೆಟ್ಟು ಅಷ್ಟು ಭಾರ ತಡೆಯುವುದಿಲ್ಲವೆಂದು ಮಕ್ಕಳು ದನಿ ಮಾತ್ರ ಕಳಿಸುತ್ತಿದ್ದರು. ಪುಸ್ತಕದ ಒಂದು ಪುಟ ಓದಿ, ರೆಕಾರ್ಡ್ ಮಾಡಿ, ಶಾಲೆಯ ಆ್ಯಪಿಗೆ ಹಾಕಬೇಕು. ಗೀತಿ ಒಂದೊಂದನ್ನೇ ಕೇಳಿ, ತಪ್ಪು ತಿದ್ದಿ, ನಕ್ಷತ್ರ ಕೊಡಬೇಕು.

ಮನೆ ಇದ್ದದ್ದು ನಗರದ ದಕ್ಷಿಣ ತುದಿಯಲ್ಲಿ, ಶಹ್ರೆ ರೇಯ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ. ಒಳಕೋಣೆಯಲ್ಲಿ ಮಗಳು ತೊರಂಜ್ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಗೆ ಬಾಗಿಲು ಹಾಕಿಕೊಂಡು ಓದುತ್ತಿದ್ದಳು. ಗಂಡ ಯದೊಲ್ಲಾ ಅದೇ ಶಾಲೆಯ ಹನ್ನೆರಡು ಹುಡುಗಿಯರನ್ನು ವ್ಯಾನಿನಲ್ಲಿ ಕರೆದೊಯ್ದು ಬಿಡುವವನು. ಶಾಲೆ ಮುಚ್ಚಿದ್ದೇ ಅವನ ವ್ಯಾನೂ ನಿಂತಿತು. ಕೆಲಸವಿಲ್ಲದ ಗಂಡಸು ಎರಡು ಕೋಣೆಯ ಮನೆಯಲ್ಲಿ ಎಲ್ಲಿ ಕೂತರೂ ದಾರಿಗಡ್ಡ. ಅತ್ತೆ, ಮನೆಯವರೆಲ್ಲ ಅಜೀಜ್ ಎಂದು ಕರೆಯುವ ಎಪ್ಪತ್ತೊಂಬತ್ತರ ಮುದುಕಿ, ಗ್ಯಾಸ್ ಹೀಟರಿನ ಪಕ್ಕ ಹಾಸಿಗೆ ಹಾಸಿಕೊಂಡು ಕೆಮ್ಮುತ್ತ, ನಡುನಡುವೆ ಕಿಟಕಿಯ ಕಡೆ ನೋಡಿ ಗೊಣಗುತ್ತಿದ್ದಳು.

"ಏನು ಅಂಟ್ಸಿದ್ದೀರೋ ಅದನ್ನ. ಗೋರಿಯೊಳಗೆ ಮಲಗ್ದಂಗಿದೆ."

"ಅಜೀಜ್, ಹೊರಗಿನ ಗಾಳಿ ವಿಷ," ಅಂದ ಯದೊಲ್ಲಾ. "ಸೂರ್ಯನ್ನ ನೋಡಿ, ತುಕ್ಕು ಹಿಡಿದ ಬಾಣಲೆ ಇದ್ದಂಗಿದಾನೆ."

"ನಾನು ಎಂಬತ್ತು ವರ್ಷ ಉಸಿರಾಡ್ದೋಳು. ನಂಗೆ ಹೇಳ್ಕೊಡ್ತಾನೆ."

ಕಿಟಕಿಗೆ ಟೇಪು ಹಚ್ಚಿಸಿದ್ದು ತೊರಂಜ್. ಗೆಳತಿಯೊಬ್ಬಳಿಂದ ಗಾಳಿ ಅಳೆಯುವ ಪುಟ್ಟ ಯಂತ್ರವೊಂದನ್ನು ತಂದಿದ್ದಳು, ಅಂಗೈಯಗಲದ್ದು. ಕಟ್ಟಿಸಿದ ಹಲ್ಲು ಇಡುವ ಡಬ್ಬಿಯಂತಿದೆ ಎಂದು ಅಜೀಜ್ ಹಾಸ್ಯ ಮಾಡಿದ್ದಳು. ಟೇಪು ಹಚ್ಚುವ ಮೊದಲು ನೂರ ಎಂಬತ್ತು ತೋರಿಸುತ್ತಿದ್ದ ಯಂತ್ರ ಹಚ್ಚಿ ಎರಡು ಗಂಟೆಯ ಮೇಲೆ ನಲವತ್ತೆಂಟಕ್ಕೆ ಇಳಿದು ಹಸಿರಾಯಿತು. ಗೀತಿಗೆ ಎಷ್ಟು ಸಮಾಧಾನವಾಯಿತೆಂದರೆ, ಶನಿವಾರ ಸಂಜೆ ಆ ಹಸಿರು ಅಂಕಿಯ ಫೋಟೋ ತೆಗೆದು ತರಗತಿಯ ತಾಯಂದಿರ ಗುಂಪಿಗೆ ಹಾಕಿದಳು. 'ಪ್ರಿಯ ತಾಯಂದಿರೇ, ಕಿಟಕಿ ಸಂದುಗಳಿಗೆ ಅಗಲ ಟೇಪನ್ನು ಎರಡು ಪದರ ಹಚ್ಚಿ. ಗಾಳಿ ಬರುವ ಕಂಡಿಗಳನ್ನೂ ಮುಚ್ಚಿ. ನಮ್ಮ ಮನೆಯ ಫಲ ನೋಡಿ' ಎಂದು ಬರೆದಳು. ಇಪ್ಪತ್ತಾರು ತಾಯಂದಿರು ಹೂವಿನ ಚಿತ್ರ ಕಳಿಸಿದರು.

ಅಂದು ಮಂಗಳವಾರ, ಪಾಠ ಕಾಡುಕುರಿಯ ಕಥೆ. ಒಂಬತ್ತೂವರೆಯ ಹೊತ್ತಿಗೆ ಹತ್ತೊಂಬತ್ತು ಮಕ್ಕಳ ಓದು ಬಂದಿತ್ತು. ಹೆಲ್ಮಾಳದು ಬಂದಿರಲಿಲ್ಲ. ಎಂದೂ ಹೀಗಾಗುತ್ತಿರಲಿಲ್ಲ. ಎರಡು ಜಡೆಯ ಆ ಸಣ್ಣ ಹುಡುಗಿ, ಗೀತಿ ಸಲಾಂ ಹೇಳಿ ಮುಗಿಸುವಷ್ಟರಲ್ಲಿ ತನ್ನ ಓದು ಕಳಿಸಿ, ಮೊದಲ ನಕ್ಷತ್ರ ತನಗೇ ಬರಬೇಕೆಂದು ಕಾಯುವವಳು. ಒಂಬತ್ತು ನಲವತ್ತಕ್ಕೆ ಕೊನೆಗೂ ಬಂತು.

"ಕಾಡುಕುರಿ ಬಂಡೆಯ ಮೇಲೆ ನಿಂತು... ನಿಂತು ಕೆಳಗೆ... ಕಾಡುಕುರಿ ಬಂಡೆಯ ಮೇಲೆ..." ದನಿ ಎಳೆಎಳೆಯಾಗಿತ್ತು, ಬಾಯಲ್ಲಿ ಏನೋ ಇಟ್ಟುಕೊಂಡು ಓದಿದ ಹಾಗೆ. ಒಂದೇ ಸಾಲನ್ನು ಮೂರು ಸಲ ಓದಿದಳು. ಆಮೇಲೆ, "ಟೀಚರ್, ಅಕ್ಷರ ಓಡಾಡ್ತಿವೆ," ಅಂದಳು. ಅಲ್ಲಿಗೆ ನಿಂತಿತು.

ರಜೆಯೆಂದು ರಾತ್ರಿಯೆಲ್ಲ ಟಿವಿ ನೋಡಿರಬೇಕು ಎಂದುಕೊಂಡಳು ಗೀತಿ. ಗುಂಡಿ ಒತ್ತಿ, ತರಗತಿಯಲ್ಲಿ ಬಳಸುವ ಗಟ್ಟಿ ದನಿಯಲ್ಲಿ ಹೇಳಿದಳು: "ಹೆಲ್ಮಾ, ಏನಿದು ನಿದ್ದೆಗಣ್ಣಿನ ಓದು? ಎದ್ದು ತಣ್ಣೀರಲ್ಲಿ ಮುಖ ತೊಳ್ಕೊಂಡು ಬಾ. ನೆಟ್ಟಗೆ ಕೂತು ಇನ್ನೊಂದ್ಸಲ ಓದು."

ಅಷ್ಟರಲ್ಲಿ ಇಂಟರ್ನೆಟ್ಟು ಹೋಯಿತು. ಒಳಗಿನಿಂದ ತೊರಂಜ್ ಬಾಗಿಲು ತೆರೆದು, "ಅಮ್ಮಾ, ಯಾರು ಏನು ಡೌನ್‌ಲೋಡ್ ಮಾಡ್ತಿದೀರಾ? ನನ್ನ ಮೇಷ್ಟ್ರು ಬಾಯಿ ತೆರ್ಕೊಂಡು ಕಲ್ಲಾಗಿ ನಿಂತಿದಾರೆ," ಎಂದು ಕೂಗಿದಳು.

"ನಿಮ್ಮಪ್ಪ ಫುಟ್‌ಬಾಲ್ ನೋಡ್ತಿದಾರೆ."

"ನಾನು ಫೋನೇ ಮುಟ್ಟಿಲ್ಲ," ಅಂದ ಯದೊಲ್ಲಾ ಈರುಳ್ಳಿ ಹೆಚ್ಚುತ್ತ. "ಈ ಮನೇಲಿ ಇಲಿ ಸತ್ರೂ ನನ್ನ ತಲೆಗೇ."

ಹತ್ತು ನಿಮಿಷ ಹೀಗೆ ಕಳೆಯಿತು. ಮತ್ತೆ ಸಂಪರ್ಕ ಬಂದಾಗ ದನಿಗಳೆಲ್ಲ ಒಟ್ಟಿಗೆ ಬಿದ್ದವು. ಅವುಗಳ ನಡುವೆ ಹೆಲ್ಮಾಳದೂ ಒಂದಿತ್ತು, ಹನ್ನೊಂದೇ ಸೆಕೆಂಡಿನದು. ಗೀತಿ ಒತ್ತಿದಳು.

"ಟೀಚರ್... ಮುಖ ತೊಳೀತೀನಿ... ಅಮ್ಮ ಮಲಗಿದಾಳೆ. ತಮ್ಮಾನೂ. ಕರೆದ್ರೆ ಹ್ಞೂಂ ಅಂತಾಳೆ, ಏಳಲ್ಲ. ತಲೆ..." ಮುಂದೆ ಮಾತಿರಲಿಲ್ಲ. ಹೀಟರಿನ ಸುಯ್ ಎನ್ನುವ ಸದ್ದು ಮಾತ್ರ ಇತ್ತು.

ಮಗುವಿಗೆ ಏನೋ ಆಗಿದೆ ಎಂದು ಗೀತಿಗೆ ಅನ್ನಿಸಿತು. ಆದರೆ ಏನೆಂದು ಹೊಳೆಯಲಿಲ್ಲ. ಜ್ವರವಿರಬಹುದೇ, ಹೊಟ್ಟೆ ಕೆಟ್ಟಿರಬಹುದೇ ಎಂದು ಯೋಚಿಸುತ್ತ ಇನ್ನೊಮ್ಮೆ ಒತ್ತಿದಳು. ಈ ಸಲ ಹಾಸಿಗೆಯಲ್ಲಿದ್ದ ಅಜೀಜ್ ಮೊಣಕೈ ಊರಿ ಮೇಲೆದ್ದಳು.

"ಯಾರದು ಆ ಮಗು?"

"ನಮ್ಮ ಕ್ಲಾಸಿನ ಹುಡುಗಿ, ಅಜೀಜ್."

"ಮತ್ತೆ ಕೇಳ್ಸು."

ಮೂರನೆಯ ಸಲ ಕೇಳಿ ಮುದುಕಿಯ ಮುಖ ಬಿಳಿಚಿತು. "ಇದು ನಿದ್ದೆ ಅಲ್ಲ ಗೀತಿ. ನಮ್ಮೂರಲ್ಲಿ ಕೊರ್ಸಿ ಮೇಜಿನ ಕೆಳಗೆ ಕೆಂಡ ಇಟ್ಕೊಂಡು, ಮೇಲೆ ರಜಾಯಿ ಹೊದ್ದು, ಮನೆಯವರೆಲ್ಲ ಕಾಲು ಚಾಚಿ ಮಲಗ್ತಿದ್ವಲ್ಲ. ಒಂದು ಚಳಿಗಾಲ ಕೆಂಡ ಹಸಿ ಇತ್ತು. ನನ್ನ ತಮ್ಮ ಬೆಳಿಗ್ಗೆ ಎದ್ದು ಹೀಗೇ ಮಾತಾಡ್ದ. ಇದೇ ನಾಲಿಗೆ. ನಿದ್ದೆ ಬಿಟ್ಟಿಲ್ಲ ಮಗೂಗೆ ಅಂತ ಅಮ್ಮ ರಜಾಯಿ ಎಳೆದು ಮತ್ತೆ ಮಲಗಿಸಿದ್ಲು. ಅವನು ಏಳ್ಲಿಲ್ಲ." ಉಸಿರು ತೆಗೆದುಕೊಂಡು ಅಂದಳು: "ಆ ಮನೇಲಿ ಹೊಗೆ ಸುತ್ಕೊಂಡಿದೆ. ಹೋಗ್ರೋ."

ಗೀತಿ ಗುಂಡಿ ಒತ್ತಿದಳು. "ಹೆಲ್ಮಾ, ಬಾಗಿಲು ತೆಗೆದು ಆಚೆ ಹೋಗು ಕಂದಾ, ಈಗ್ಲೇ, ಆಚೆ," ಎಂದು ಕಳಿಸಿದಳು. ಆ ಕಡೆ ಕೇಳಿದ ಗುರುತು ಬರಲಿಲ್ಲ. ಹೆಲ್ಮಾ ಓದು ಕಳಿಸುತ್ತಿದ್ದುದು ತಾಯಿ ಸರ್ವಿನ್‌ಳ ಫೋನಿನಿಂದಲೇ. ಮಾಡಿದರೆ ಗಣಗಣ ಬಡಿದುಕೊಂಡು ನಿಂತಿತು. ತಂದೆ ಊರಾಚೆಯ ಹೆಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿರುವವನು; ಅವನ ಫೋನು ಸಂಪರ್ಕಕ್ಕೆ ಸಿಗಲಿಲ್ಲ. ವಿಳಾಸ ಶಾಲೆಯ ರಿಜಿಸ್ಟರಿನಲ್ಲಿ, ರಿಜಿಸ್ಟರು ಶಾಲೆಯ ಬೀರುವಿನಲ್ಲಿ.

"ಹೆಲ್ಮಾ ಅಂದ್ಯಾ?" ಯದೊಲ್ಲಾ ಚಾಕು ಕೆಳಗಿಟ್ಟಿದ್ದ. "ಎರಡು ಜಡೆಯವಳು? ನನ್ನ ವ್ಯಾನಿನ ಹುಡುಗಿ ಅದು. ಸಂಗಕ್ ರೊಟ್ಟಿ ಅಂಗಡಿ ಹಿಂದಿನ ಓಣಿ, ನೀಲಿ ಕಬ್ಬಿಣದ ಬಾಗಿಲು."

ಮೆಟ್ಟಿಲಿಳಿಯುತ್ತಲೇ ಅವನು ತುರ್ತು ಸೇವೆಗೆ ಫೋನು ಮಾಡಿ ದಾರಿ ಹೇಳಿದ. ಹೆಲ್ಮಾಳ ಮನೆಗೆ ಫೋನು ಮಾಡುತ್ತಲೇ ಇರು, ಒಮ್ಮೆಯೂ ಬಿಡಬೇಡ ಎಂದು ಗೀತಿ ತೊರಂಜ್‌ಗೆ ಹೇಳಿ ಹೋಗಿದ್ದಳು. ವ್ಯಾನಿನೊಳಗೆ ಕೂತ ಮೇಲೆ ಅವಳಿಗೆ ಕಾಲಲ್ಲಿ ಮನೆಯ ಚಪ್ಪಲಿಯೇ ಇರುವುದು ಕಂಡಿತು. ಹಾದಿಯುದ್ದಕ್ಕೂ ಹಳದಿ ಮಬ್ಬು. ಎದುರಿನ ಬಸ್ಸು ಹತ್ತಿರ ಬಂದಾಗಲಷ್ಟೇ ಬಸ್ಸೆಂದು ತಿಳಿಯುತ್ತಿತ್ತು. ಗಂಟಲಲ್ಲಿ ಸುಟ್ಟ ರಬ್ಬರಿನ ರುಚಿ. ಕೈಯಲ್ಲಿದ್ದ ಫೋನು ಟಿಂಗ್ ಟಿಂಗ್ ಎನ್ನುತ್ತಲೇ ಇತ್ತು: ಬೇರೆ ಮಕ್ಕಳ ಕಾಡುಕುರಿಗಳು ಒಂದೊಂದಾಗಿ ಬರುತ್ತಿದ್ದವು. ಪ್ರತಿ ಟಿಂಗಿಗೂ ಅವಳು ಹೆಸರು ನೋಡುವಳು. ಹೆಲ್ಮಾ ಅಲ್ಲ.

"ನಾನು ಬೈದೆ ಯದೊಲ್ಲಾ. ಮುಖ ತೊಳ್ಕೊಂಡು ಬಾ ಅಂತ ಬೈದೆ."

"ಈಗ ಸುಮ್ನಿರು."

"ಹತ್ತು ನಿಮಿಷ ಇಂಟರ್ನೆಟ್ಟಿಗೆ ಜಗಳ ಆಡಿದ್ವಿ."

"ಸುಮ್ನಿರು ಅಂದೆ. ನಂಗೆ ರಸ್ತೆ ಕಾಣ್ಬೇಕು."

ನೀಲಿ ಬಾಗಿಲಿನ ಮುಂದೆ ನಿಲ್ಲಿಸಿ ಅವನು ಹಾರ್ನು ಒತ್ತಿದ. ಎರಡು ಸಣ್ಣದು, ಒಂದು ಉದ್ದ. ದಿನಾ ಬೆಳಿಗ್ಗೆ ಆ ಸದ್ದಿಗೆ ಹೆಲ್ಮಾ ಚೀಲ ಎಳೆದುಕೊಂಡು ಓಡಿ ಬರುತ್ತಿದ್ದಳು. ಈಗ ಯಾರೂ ಬರಲಿಲ್ಲ. ಮೇಲಿನ ಮನೆಯ ಹೆಂಗಸು ಬಾಲ್ಕನಿಯಿಂದ ಇಣುಕಿ, "ಏನ್ರೀ ಅದು, ಶಾಲೆ ಇಲ್ಲ ಇವತ್ತು," ಎಂದಳು. ಗೀತಿ ಹೇಳಿದ ಎರಡು ಮಾತಿಗೇ ಅವಳು ಓಡಿ ಬಂದು ಬೀದಿ ಬಾಗಿಲು ತೆಗೆದಳು. ನೆಲಮಹಡಿಯ ಮನೆಯ ಬಾಗಿಲಿಗೆ ಒಳಗಿಂದ ಬೀಗ. ಬಾಗಿಲಿಗೆ ಕಿವಿಯಿಟ್ಟರೆ ಒಳಗೆ ಫೋನು ಬಡಿದುಕೊಳ್ಳುತ್ತಿತ್ತು. ತೊರಂಜ್ ಬಿಟ್ಟಿರಲಿಲ್ಲ.

ಯದೊಲ್ಲಾ ಹಿತ್ತಲಂಗಳಕ್ಕೆ ಸುತ್ತು ಹಾಕಿ ವ್ಯಾನಿನ ಜಾಕಿನಿಂದ ಅಡುಗೆಮನೆಯ ಕಿಟಕಿಗೆ ಹೊಡೆದ. ಗಾಜು ಒಡೆಯಿತು, ಬೀಳಲಿಲ್ಲ. ಒಳಗಿಂದ ಹಚ್ಚಿದ್ದ ಟೇಪಿಗೆ ಚೂರುಗಳು ಜೋತಾಡಿದವು. ಗೀತಿ ಕೈಯಿಂದಲೇ ಅದನ್ನು ಕಿತ್ತಳು. ಅಗಲವಾದ ಟೇಪು, ಎರಡು ಪದರ, ಅಂಚಿಗೆ ಅಂಚು ಕೂಡಿಸಿ ಹಚ್ಚಿದ್ದು. ಅಡುಗೆ ಒಲೆಯ ಮೇಲಿನ ಗಾಳಿಕಂಡಿಗೂ ಪ್ಲಾಸ್ಟಿಕ್ ಕಟ್ಟಿ ಸುತ್ತ ಟೇಪು ಬಿಗಿದಿತ್ತು. ಟೀಚರ್ ಹೇಳಿದ್ದರಲ್ಲಿ ಒಂದೂ ಬಿಟ್ಟಿರಲಿಲ್ಲ ಸರ್ವಿನ್. ಗೀತಿಗೆ ತನ್ನ ಶನಿವಾರದ ಮಾತು ಅಕ್ಷರ ಅಕ್ಷರವಾಗಿ ಕಣ್ಣೆದುರಿಗೆ ಬಂತು. ಕೈ ಕುಯ್ದು ರಕ್ತ ಬರುತ್ತಿದ್ದುದು ಆಮೇಲೆ ಮೇಲಿನ ಮನೆಯವಳು ತೋರಿಸುವವರೆಗೆ ಅವಳಿಗೆ ತಿಳಿದಿರಲಿಲ್ಲ.

ಯದೊಲ್ಲಾ ಮೂಗಿಗೆ ಮಫ್ಲರ್ ಕಟ್ಟಿಕೊಂಡು ಒಳಗೆ ಧುಮುಕಿ ಬಾಗಿಲ ಬೀಗ ತೆಗೆದ. ಹೀಟರಿನ ಜ್ವಾಲೆ ನೀಲಿಯಾಗಿರಲಿಲ್ಲ, ಹಳದಿಯಾಗಿ ತೂಗುತ್ತಿತ್ತು. ಸರ್ವಿನ್ ಜಮಖಾನದ ಮೇಲೆ ಮಗನನ್ನು ತಬ್ಬಿಕೊಂಡು ಮಲಗಿದ್ದಳು. ಹೆಲ್ಮಾ ಬಚ್ಚಲ ಹೊಸ್ತಿಲ ಮೇಲೆ ಬಿದ್ದಿದ್ದಳು. ಮುಖ ಒದ್ದೆ, ಜಡೆಯ ತುದಿ ಒದ್ದೆ, ನಲ್ಲಿ ಸುರಿಯುತ್ತಿತ್ತು. ಕೆನ್ನೆ ಮಾತ್ರ ಆಗಷ್ಟೇ ಆಡಿ ಬಂದವಳಂತೆ ಕೆಂಪಗಿತ್ತು. ಗೀತಿ ಅಷ್ಟು ಚೆಂದದ ಬಣ್ಣವನ್ನು ನೋಡಿ ಎಂದೂ ಹೆದರಿರಲಿಲ್ಲ.

ಮೂವರನ್ನೂ ಅಂಗಳಕ್ಕೆ ಹೊತ್ತರು. ಸಿಮೆಂಟಿನ ನೆಲಕ್ಕೆ ಕಂಬಳಿ ಹಾಸಿ ಮಲಗಿಸಿದರು. ಯಾವ ಗಾಳಿಗೆ ಹೆದರಿ ನಗರವೇ ಮೂಗು ಮುಚ್ಚಿಕೊಂಡಿತ್ತೋ ಅದೇ ಗಾಳಿಯನ್ನು ಗೀತಿ ತನ್ನ ತಲೆವಸ್ತ್ರದಿಂದ ಬೀಸಿ ಬೀಸಿ ಆ ಮಕ್ಕಳ ಮುಖಕ್ಕೆ ಹಾಕಿದಳು. "ಉಸಿರಾಡು ಕಂದಾ. ಎಳ್ಕೋ. ಇನ್ನೊಂದ್ಸಲ ಎಳ್ಕೋ." ಚಿಕ್ಕವನು ಮೊದಲು ವಾಂತಿ ಮಾಡಿ ಅತ್ತ. ಆ ಅಳು ಕೇಳಿ ಮೇಲಿನ ಮನೆಯವಳೂ ಗೋಡೆಗೊರಗಿ ಅತ್ತಳು. ಹೆಲ್ಮಾ ಕಣ್ಣು ತೆರೆದಳು, ಆದರೆ ಯಾರನ್ನೂ ಗುರುತಿಸಲಿಲ್ಲ. ಸರ್ವಿನ್ ಮಿಸುಕಲಿಲ್ಲ. ಅಷ್ಟರಲ್ಲಿ ಆಂಬುಲೆನ್ಸ್ ಬಂತು. ಮೂರು ಮುಖಗಳಿಗೆ ಆಮ್ಲಜನಕದ ಮಾಸ್ಕು ಕಟ್ಟಿದರು.

ಆಂಬುಲೆನ್ಸಿನ ಹಿಂದೆಯೇ ಬಂದ ಅಗ್ನಿಶಾಮಕದವನೊಬ್ಬ ಒಳಗೆ ಹೋಗಿ ಬಂದು ಯದೊಲ್ಲಾನಿಗೆ ಹೇಳುತ್ತಿದ್ದ: "ಹೀಟರಿಗೂ ಉಸಿರು ಬೇಕಲ್ವಾ ಸ್ವಾಮಿ. ಹೀಟರಿರೋ ಕೋಣೆಗೆ ಗಾಳಿ ಬರೋ ಒಂದು ಸಂದೂ ಬಿಟ್ಟಿಲ್ಲ. ಬೆಂಕಿ ಅರೆಬರೆ ಉರಿದು, ಮೇಲಕ್ಕೆ ಹೋಗ್ಬೇಕಾದ ಹೊಗೆ ಕೊಳವೆಯಿಂದ ವಾಪಸ್ ಮನೆಯೊಳಗೇ ಬಂದಿದೆ. ಆ ವಿಷದ ಗ್ಯಾಸಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಬಚ್ಚಲ ಕಂಡಿ ಒಂದು ಮರೆತಿದಾರೆ, ಆ ಹುಡುಗಿ ಪುಣ್ಯ." ಗೀತಿ ಕೇಳಿಸಿಕೊಂಡಳು. ಯದೊಲ್ಲಾ ಅವಳ ಕಡೆ ನೋಡಲಿಲ್ಲ.

ಆಸ್ಪತ್ರೆಯ ಮೊಗಸಾಲೆಯಲ್ಲಿ ಕಾದ ಹೊತ್ತು ಅವಳ ಬದುಕಿನಲ್ಲೇ ಉದ್ದವಾದದ್ದು. ಚಿಕ್ಕವನು ಮಧ್ಯಾಹ್ನಕ್ಕೆ ಬಿಸ್ಕತ್ತು ಕೇಳಿದ. ಹೆಲ್ಮಾ ಎರಡು ಗಂಟೆಯ ಸುಮಾರಿಗೆ ತನ್ನ ಹೆಸರು ಹೇಳಿದಳು. ಆಮೇಲೆ ಹಾಸಿಗೆಯ ಪಕ್ಕ ನಿಂತವಳನ್ನು ನೋಡಿ, "ಟೀಚರ್, ಕಾಡುಕುರಿ ಪೂರ್ತಿ ಓದ್ಲಿಲ್ಲ," ಅಂದಳು. ಗೀತಿ ಅವಳ ಹಣೆಗೆ ಕೈಯಿಟ್ಟಳು. ಸರ್ವಿನ್‌ಗೆ ಎಚ್ಚರ ಬಂದದ್ದು ಸಂಜೆ ನಾಲ್ಕಕ್ಕೆ. ಜೀವಕ್ಕೆ ಅಪಾಯವಿಲ್ಲ, ಆದರೆ ಕೆಲವು ವಾರ ಮರೆವು, ತಲೆನೋವು ಇರಬಹುದು, ಎಷ್ಟು ಇರುತ್ತದೆಂದು ಈಗಲೇ ಹೇಳಲಾಗದು ಎಂದರು ಡಾಕ್ಟರು.

ಅಷ್ಟರಲ್ಲಿ ಹೆಲ್ಮಾಳ ತಂದೆ ಇಸ್ಫಂದಿಯಾರ್ ಕಾರ್ಖಾನೆಯಿಂದ ಬಂದಿದ್ದ. ಬಟ್ಟೆಯ ಮೇಲೆ ಹೆಂಚಿನ ಪುಡಿ ಹಾಗೇ ಇತ್ತು. ಯದೊಲ್ಲಾನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ. ಗೀತಿಗೆ ತಡೆಯಲಾಗಲಿಲ್ಲ.

"ಅಣ್ಣಾ, ಕಿಟಕಿಗೆ ಟೇಪು ಹಚ್ಚಿ ಅಂತ ಗುಂಪಿಗೆ ಬರೆದದ್ದು ನಾನು. ಕಂಡಿ ಮುಚ್ಚಿ ಅಂದದ್ದೂ ನಾನೇ."

ಇಸ್ಫಂದಿಯಾರ್ ಯದೊಲ್ಲಾನ ಕೈ ಬಿಟ್ಟ. "ಗೊತ್ತು ಟೀಚರ್. ನನ್ನ ಹೆಂಡತಿ ತೋರ್ಸಿದ್ಲು. ನಿನ್ನೆ ನಾನು ಕೆಲಸಕ್ಕೆ ಹೊರಡೋ ಮೊದ್ಲು, ಮೇಜಿನ ಮೇಲೆ ಹತ್ತಿ ಅವಳು ಹಚ್ಚುವಾಗ ಕೆಳಗೆ ಟೇಪು ಹಿಡ್ಕೊಂಡಿದ್ದೋನು ನಾನೇ." ಆಮೇಲೆ ಹೇಳಿದ: "ನನ್ನ ಮಕ್ಕಳನ್ನ ಹೊತ್ತು ತಂದ್ರಿ, ಆ ಋಣ ದೊಡ್ಡದು. ಆದ್ರೆ ಇನ್ಮೇಲೆ ಪಾಠ ಮಾತ್ರ ಕಳ್ಸಿ ಟೀಚರ್. ಬೇರೆ ಏನೂ ಬೇಡ."

ಗೀತಿ ತಲೆಯಾಡಿಸಿದಳು. ಸಿಟ್ಟಿನಿಂದ ಬೈದಿದ್ದರೆ ಹಗುರವಾಗುತ್ತಿತ್ತೇನೋ.

ಮನೆಗೆ ಬಂದಾಗ ತೊರಂಜ್ ಟೇಪುಗಳನ್ನೆಲ್ಲ ಕಿತ್ತು ಮುದ್ದೆ ಮಾಡಿ ಬಾಗಿಲ ಬಳಿ ಹಾಕಿದ್ದಳು. ಅತ್ತು ಅತ್ತು ಕಣ್ಣು ಬಾತಿತ್ತು. "ಆ ಯಂತ್ರ ಧೂಳು ಮಾತ್ರ ಅಳೆಯತ್ತೆ ಅಮ್ಮ. ಬೇರೆ ಗ್ಯಾಸು ಅದಕ್ಕೆ ಗೊತ್ತಾಗಲ್ಲ. ನಿಂಗೆ ಹೇಳ್ಬೇಕಿತ್ತು. ನಾನು ಹಸಿರು ಬಂತು ಅಂತ ಕುಣಿದೆ."

"ನಾನೂ ಕೇಳ್ಲಿಲ್ಲ ಕಣೇ."

ಅಜೀಜ್ ಹೊದಿಕೆಯೊಳಗಿಂದ, "ಮೂವರೂ ಇದ್ದಾರಾ?" ಎಂದಳು. ಇದ್ದಾರೆ ಎಂದು ಗೊತ್ತಾದ ಮೇಲೆ ಗೋಡೆಯ ಕಡೆ ಹೊರಳಿದಳು. ಅವಳ ಬೆನ್ನು ಬಹಳ ಹೊತ್ತು ಅಲುಗುತ್ತಿತ್ತು. ಕೆಮ್ಮೋ ಅಳುವೋ ತಿಳಿಯಲಿಲ್ಲ.

ಮುಖ್ಯೋಪಾಧ್ಯಾಯಿನಿ ಫೋನು ಮಾಡಿದರು. ಸುದ್ದಿ ಅವರಿಗೆ ತಲುಪಿತ್ತು. "ಗೀತಿ ಖಾನುಂ, ಆ ಶನಿವಾರದ ಸಂದೇಶ ಅಳಿಸಿಬಿಡಿ. ಯಾರೂ ಕೇಳೋದಿಲ್ಲ. ಒಳ್ಳೇದಕ್ಕೇ ಹೇಳಿದ್ರಿ ನೀವು." ಗೀತಿ ಫೋಟೋದ ಮೇಲೆ ಬೆರಳಿಟ್ಟು ಕೂತಳು. ಅಳಿಸಿದರೆ ಗುಂಪಿನಿಂದ ಹೋಗುತ್ತದೆ, ಇಪ್ಪತ್ತಾರು ಮನೆಗಳ ಕಿಟಕಿಯಿಂದ ಹೋಗುವುದಿಲ್ಲ. ಅಳಿಸಲಿಲ್ಲ. ಅದರ ಕೆಳಗೆ ಬರೆದಳು: 'ಇದು ತಪ್ಪು. ನಾನು ಹೇಳಿದ್ದು ತಪ್ಪು. ಹೆಲ್ಮಾಳ ಮನೆಯವರು ಇದರಿಂದ ಸಾಯುತ್ತಿದ್ದರು. ಈಗಲೇ ಕಂಡಿಗಳನ್ನು ತೆರೆಯಿರಿ, ಹೀಟರಿನ ಕೊಳವೆ ನೋಡಿ.' ಕಳಿಸಿ ಕಾದಳು. ಒಂದು ನಿಮಿಷದೊಳಗೆ ನಾಲ್ಕು ಹೂವು, ಎರಡು ಕೈಮುಗಿದ ಚಿತ್ರ ಬಂದವು. ಓದಿಯೇ ಒತ್ತಿದರೋ, ಓದದೆಯೋ.

"ಹೀಗಾಗಲ್ಲ," ಅಂದಳು ಗೀತಿ. "ಒಬ್ಬೊಬ್ಬರನ್ನೂ ಕರೆದು ಕೇಳ್ತೀನಿ."

"ನನ್ನ ವ್ಯಾನಿನ ಹುಡುಗೀರ ಮನೆ ನಾನು ನೋಡ್ಕೊಂಡು ಬರ್ತೀನಿ," ಎಂದು ಯದೊಲ್ಲಾ ಟಾರ್ಚು ಹುಡುಕಿದ. "ಫೋನಲ್ಲಿ ಎಲ್ರೂ ಸರಿ ಇದೆ ಅಂತಾರೆ. ನಾನು ಕೊಳವೆ ಮುಟ್ಟಿ ನೋಡ್ತೀನಿ."

ಅವನು ಹೊರಟ. ಗೀತಿ ಹೆಸರುಗಳ ಪಟ್ಟಿ ಮುಂದಿಟ್ಟುಕೊಂಡು ಒಬ್ಬೊಬ್ಬರಿಗೇ ಫೋನು ಮಾಡಿದಳು. ಒಬ್ಬಳು ಅಲ್ಲೇ ಟೇಪು ಹರಿಯುವ ಸದ್ದು ಕೇಳಿಸಿದಳು. ಇನ್ನೊಬ್ಬಳು, "ಮೊನ್ನೆ ಮುಚ್ಚು ಅಂದ್ರಿ, ಇವತ್ತು ತೆಗಿ ಅಂತೀರಿ, ನಾಳೆ ಏನು ಹೇಳ್ತೀರಿ?" ಎಂದು ಕುಟುಕಿದಳು. ಒಬ್ಬಳ ಮನೆಯಲ್ಲಿ ಹೀಟರೇ ಇರಲಿಲ್ಲ, ಎಣ್ಣೆ ಒಲೆಯಿತ್ತು. ಅವಳಿಗೆ ಎರಡು ಸಲ ಹೇಳಿದಳು. ನಡುವೆ ಯದೊಲ್ಲಾನ ಕರೆ ಬಂತು: "ಬಹಾರೆಯ ಮನೇಲಿ ಕೊಳವೆಯೊಳಗೆ ಪಾರಿವಾಳ ಗೂಡು ಕಟ್ಟಿದೆ ಕಣೆ. ಹೀಟರ್ ಆರಿಸಿದೀನಿ. ಅವರನ್ನೆಲ್ಲ ಅಜ್ಜಿ ಮನೆಗೆ ಕಳಿಸ್ತಿದೀನಿ." ಗೀತಿ ಬಹಾರೆಯ ಹೆಸರಿಗೆ ಗೆರೆ ಎಳೆದಳು. ಕೆಳಗಿನ ಹೆಸರಿಗೆ ಫೋನು ಮಾಡಿದಳು.

ಮರುದಿನವೂ ಶಾಲೆ ಮುಚ್ಚಿರುತ್ತದೆಂದು ಆರೂವರೆಯ ಸುದ್ದಿಯಲ್ಲಿ ಹೇಳಿದರು. ಆಗ ಪಟ್ಟಿಯಲ್ಲಿ ಮಲಾಹತ್‌ಳ ಮನೆಯೊಂದೇ ಉಳಿದಿತ್ತು. ಹಿಂದಿನ ಬೆಂಚಿನಲ್ಲಿ ಕೂತು ಎಂದೂ ಬಾಯಿಬಿಡದ ಹುಡುಗಿ. ಅವಳ ತಾಯಿ ಫೋನು ಎತ್ತಿದಳು. ಇಲ್ಲ, ಸಂದೇಶ ನೋಡಿಲ್ಲ, ಫೋನು ಮಗಳ ಹತ್ತಿರ ಇರುತ್ತದೆ ಅಂದಳು. ತಲೆ ನೋಯುತ್ತಿದೆಯೇ ಎಂದು ಗೀತಿ ಕೇಳಿದಳು.

"ಸ್ವಲ್ಪ. ಈ ಗಾಳಿಗೆ ಯಾರಿಗೆ ನೋಯಲ್ಲ ಟೀಚರ್."

"ಹೀಟರಿನ ಬೆಂಕಿ ಯಾವ ಬಣ್ಣ ಇದೆ, ಹೋಗಿ ನೋಡಿ ಬನ್ನಿ. ಫೋನು ಇಡ್ಬೇಡಿ. ನಾನು ಹಿಡ್ಕೊಂಡಿರ್ತೀನಿ."

"ಇಗೋ, ನೋಡ್ತೀನಿ," ಎಂದು ಅವಳು ಫೋನನ್ನು ಎಲ್ಲೋ ಇಟ್ಟಳು. ಗೀತಿ ಕಿವಿಗೊತ್ತಿಕೊಂಡು ಕೂತಳು. ಆ ಕಡೆ ಟಿವಿ ಮಾತಾಡುತ್ತಿತ್ತು. ಯಾರೋ ಚಹಾ ಲೋಟದಲ್ಲಿ ಚಮಚ ತಿರುಗಿಸುತ್ತಿದ್ದರು. ಚಪ್ಪಲಿಯ ಸದ್ದು ದೂರ ಹೋಯಿತು, ನಿಂತಿತು. ಗೀತಿ ಅದು ಮರಳಿ ಬರುವುದನ್ನೇ ಕಾಯುತ್ತಿದ್ದಳು.